ಬೂರ್ಯಾ ಗಾಳಿಯ ದಿನ ಒತ್ತಿದ ಒಪ್ಪಿಗೆ

ಫೆರುಚ್ಚೊನನ್ನು ನಾನು ನಂಬಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುತ್ತಾ ಹೋದಂತೆ ನನಗೆ ಸಿಟ್ಟು ನೆತ್ತಿಗೇರುತ್ತದೆ, ಆಮೇಲೆ ಅವನ ಒಳ್ಳೆಯತನ ಒಂದೂ ನೆನಪಿಗೆ ಬರುವುದಿಲ್ಲ.

ಅವನು ಗಡಿಯಾಚೆ ಇಟಲಿಯ ರಸ್ತೆ ನಿಯಂತ್ರಣ ಕೊಠಡಿಯಲ್ಲಿ, ನಾನು ಈಚೆ ಸ್ಲೊವೇನಿಯಾದ ಕೊಠಡಿಯಲ್ಲಿ. ನಡುವೆ ವಿಪಾವಾ ಕಣಿವೆ, ಅದರ ಉದ್ದಕ್ಕೂ ಹೆದ್ದಾರಿ. ಚಳಿಗಾಲದಲ್ಲಿ ಬೆಟ್ಟದ ಮೇಲಿಂದ ಬೂರ್ಯಾ ಗಾಳಿ ಬಿದ್ದಿತೆಂದರೆ ಟಾರ್ಪಾಲು ಹೊದ್ದ ಖಾಲಿ ಲಾರಿಯನ್ನು ಹಾಗೇ ಮಗುಚಿ ಹಾಕುತ್ತದೆ. ಆದ್ದರಿಂದ ಗಾಳಿ ಏರಿದ ಕೂಡಲೇ ಲಾರಿಗಳನ್ನೆಲ್ಲ ತಡೆಯಬೇಕು. ನಮ್ಮ ಕಡೆಯವನ್ನು ನಾನು ತಡೆಯುತ್ತಿದ್ದೆ, ಇಟಲಿಯಿಂದ ಬರುವವನ್ನು ಅವನು ಗಡಿಯ ಅಂಗಳದಲ್ಲಿ ನಿಲ್ಲಿಸುತ್ತಿದ್ದ. ಅವನ ಅಂಗಳ ತುಂಬಿ, ಡ್ರೈವರುಗಳು ಐದಾರು ಭಾಷೆಗಳಲ್ಲಿ ಅವನ ವಂಶವನ್ನೆಲ್ಲ ಬಯ್ಯುತ್ತಿದ್ದರು. ಅದು ಅವನ ಕರ್ಮ ಎಂದು ನಾನು ನಗುತ್ತಿದ್ದೆ.

ನಮ್ಮಿಬ್ಬರಲ್ಲಿ ಒಂದು ರೂಢಿ ಇತ್ತು. ಮೊದಲು ಫೋನು, ಆಮೇಲೆ ಗುಂಡಿ. ಯಂತ್ರ ಏನೇ ಹೇಳಲಿ, ಒಬ್ಬರಿಗೊಬ್ಬರು ಮಾತಾಡದೆ ಯಾರೂ ರಸ್ತೆ ಮುಚ್ಚುತ್ತಿರಲಿಲ್ಲ. ಅವನ ತಾಯಿ ಸ್ಲೊವೇನ್ ಮನೆಯವಳು, ಹಾಗಾಗಿ ಮಾತು ನಮ್ಮದೇ ಭಾಷೆಯಲ್ಲಿ.

"ಮಿಲೋಯ್ಕಾ, ನಿನ್ನ ಕಡೆ ಬೀಸ್ತಾ ಇದೆಯೇನೇ?"

"ಬೀಸ್ತಾ ಇದೆ. ತಲೇಲಿ ಉಳಿದಿರೋ ನಾಲ್ಕು ಕೂದಲು ಭದ್ರವಾಗಿ ಹಿಡ್ಕೋ."

"ನಾಲ್ಕೆಲ್ಲಿ ಬಂತು, ಮೂರೇ ಇರೋದು. ಸರಿ, ಮಾಮೂಲಿ ತಾನೆ?"

"ಮಾಮೂಲಿ."

ಅಷ್ಟೇ. ಮಾಮೂಲಿ ಎಂದರೆ ಇಬ್ಬರೂ ತಮ್ಮ ತಮ್ಮ ಕಡೆ ಲಾರಿಗಳನ್ನು ನಿಲ್ಲಿಸುವುದು. ಆ 'ಮಾಮೂಲಿ'ಯ ಮೇಲೆ ಎರಡು ದೇಶಗಳ ರಸ್ತೆ ನಡೆಯುತ್ತಿತ್ತು. ನನ್ನ ಮಗಳ ಜ್ಞಾನಸ್ನಾನಕ್ಕೆ ಅವನೇ ಧರ್ಮತಂದೆಯಾಗಿ ನಿಂತಿದ್ದ. ಪ್ರತಿ ವರ್ಷ ಹಂದಿ ಕೊಯ್ಯುವ ದಿನ ನಮ್ಮ ಮನೆಗೆ ಬಂದು, ಹುಳಿ ಎಲೆಕೋಸಿನ ಯೋಟಾ ಸಾರನ್ನು ತಟ್ಟೆಗಟ್ಟಲೆ ಬಾರಿಸಿ, ತನ್ನ ಹೆಂಡತಿಗೆ ಹೇಳಬೇಡ ಎಂದು ಕೈಮುಗಿಯುತ್ತಿದ್ದ.

ಆಮೇಲೆ ಬ್ರಸೆಲ್ಸಿನಿಂದ ಯೋಜನೆ ಬಂತು. ಯುರೋಪಿನ ದೇಶಗಳ ರಸ್ತೆಗಳೆಲ್ಲ ಒಂದಕ್ಕೊಂದು ಮಾತಾಡಬೇಕು, ಒಂದು ದೇಶದ ಗಾಳಿಮಾಪಕ ಕೂಗಿದರೆ ಇನ್ನೊಂದು ದೇಶದ ಫಲಕದಲ್ಲಿ ಎಚ್ಚರಿಕೆ ಬೆಳಗಬೇಕು. ನನಗೆ ಅದು ಬೇಕಾಗಿತ್ತು. ಮಗುಚಿದ ಲಾರಿಯೊಳಗಿಂದ ಮನುಷ್ಯರನ್ನು ಹೊರಗೆಳೆಯುವುದನ್ನು ಪರದೆಯ ಮೇಲೆ ನೋಡಿ ನೋಡಿ ನನಗೆ ಸಾಕಾಗಿತ್ತು. ಸಭೆಗಳಿಗೆ ಅಲೆದೆ, ಹಣೆ ಗಂಟಿಕ್ಕಿದ ಅಧಿಕಾರಿಗಳ ಮುಂದೆ ಹಲ್ಲು ಕಿರಿದೆ. ಹೊಸ ವ್ಯವಸ್ಥೆಯ ನಿಯಮ ಸರಳ: ಒಂದು ದೇಶ ಯೋಜನೆ ಕಳಿಸಬೇಕು, ಇನ್ನೊಂದು ದೇಶ ಒಪ್ಪಿಗೆ ಒತ್ತಬೇಕು. ಇಬ್ಬರೂ ಒಪ್ಪದೆ ಫಲಕದ ಒಂದು ಬಾಣವೂ ತಿರುಗುವುದಿಲ್ಲ.

ಒಂದು ತೊಡಕು ಉಳಿದಿತ್ತು. ಹೆದ್ದಾರಿಯ ಪಕ್ಕದ ಹಳೇ ರಸ್ತೆಯಲ್ಲೂ ಒಂದು ಫಲಕ, ಒಂದು ಕ್ಯಾಮೆರಾ ನಿಲ್ಲಿಸಬೇಕಿತ್ತು. ಅದಕ್ಕೆ ಜಾಗ ಬೇಕಾದದ್ದು ಪೊಡ್‌ಸ್ಕಾಲಾದಲ್ಲಿ, ನಾನು ಹುಟ್ಟಿದ ಊರಿನಲ್ಲಿ. ಆ ಜಾಗ ಊರೊಟ್ಟಿನದು. ಊರೊಟ್ಟಿನ ನೆಲ ಕೊಡಬೇಕಾದರೆ ಪ್ರತಿ ಮನೆಯವರೂ ಕೈ ಎತ್ತಬೇಕು, ಒಂದು ಮನೆ ಎತ್ತದಿದ್ದರೂ ಇಲ್ಲ. ಸರ್ಕಾರಗಳು ಎಷ್ಟೋ ಬದಲಾದವು, ಈ ಪದ್ಧತಿ ಬದಲಾಗಿಲ್ಲ.

ಕೈ ಎತ್ತದೆ ಕೂತವಳು ತೊಂಚ್ಕಾ ಚಿಕ್ಕಮ್ಮ. ನನ್ನಮ್ಮ ಕಾರ್ಖಾನೆಗೆ ಹೋದಾಗ ನನ್ನನ್ನು ಸಾಕಿದವಳು, ಅವಳ ಅಡುಗೆಮನೆಯಲ್ಲೇ ನಾನು ಅಂಬೆಗಾಲಿಟ್ಟದ್ದು. ಹೆದ್ದಾರಿ ಆಗುವುದಕ್ಕೆ ಮುಂಚೆ ಲಾರಿಗಳೆಲ್ಲ ಊರೊಳಗಿಂದಲೇ ಹೋಗುತ್ತಿದ್ದವು. ಅವಳ ಗಂಡನನ್ನು ಸ್ವಂತ ಗೇಟಿನ ಮುಂದೆ, ಕೈಯಲ್ಲಿ ಬ್ರೆಡ್ಡು ಹಿಡಿದು ಬರುತ್ತಿದ್ದವನನ್ನು, ಲಾರಿಯೊಂದು ಗೋಡೆಗೆ ಒತ್ತಿ ಸಾಯಿಸಿತ್ತು.

ಊರ ಸಭೆಯಲ್ಲಿ ಅವಳು ಎದ್ದು ನಿಂತಳು. "ಈಗ ಕಂಬ ಹಾಕ್ತೀರಿ, ಬೋರ್ಡು ಹಾಕ್ತೀರಿ. ನಾಳೆ ಲಾರಿ ಬಿಡ್ತೀರಿ."

"ಬಿಡಲ್ಲ ಚಿಕ್ಕಮ್ಮ. ದಾರಿ ತಪ್ಪಿ ಬರೋ ಲಾರೀನ ವಾಪಸ್ ಕಳ್ಸೋಕೆ ಆ ಬೋರ್ಡು. ನಾನು ಒಪ್ಪಿಗೆ ಒತ್ತದೆ ಒಂದು ಲಾರಿನೂ ಈ ಕಡೆ ತಿರುಗಲ್ಲ."

"ಇದು ಯಾರ ಮಾತು? ಸರ್ಕಾರದ್ದಾ, ನಿಂದಾ?"

"ನಂದು."

ಅವಳು ನನ್ನ ಮುಖವನ್ನೇ ನೋಡಿದಳು, ಆಮೇಲೆ ಕೈ ಎತ್ತಿದಳು. ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. "ತಟ್ಬೇಡ್ರೋ, ನಾನೇನು ಹಾಡು ಹೇಳಿದ್ನಾ?" ಎಂದು ಗದರಿ ಕೂತಳು.

ಜನವರಿಯಲ್ಲಿ ವ್ಯವಸ್ಥೆ ಶುರುವಾಯಿತು. ಮೊದಲ ದೊಡ್ಡ ಬೂರ್ಯಾ ಬಂದ ದಿನ ನಮ್ಮ ಮುಖ್ಯಸ್ಥ ಸ್ಟೊಯಾನ್ ಬ್ರಸೆಲ್ಸಿನ ಅತಿಥಿಗಳನ್ನು ಕರೆತಂದು ನನ್ನ ಕುರ್ಚಿಯ ಹಿಂದೆ ನಿಲ್ಲಿಸಿಕೊಂಡಿದ್ದ. ಹೊಸ ಟೈ, ಕೂದಲಿಗೆ ಎಣ್ಣೆ, ಮದುವೆಗಂಡಿನ ಹಾಗೆ. ಗಾಳಿಮಾಪಕಗಳು ಒಂದೊಂದಾಗಿ ಕೆಂಪಾದವು. ಫೋನು ಬಂತು.

"ಬೀಸ್ತಾ ಇದೆಯೇನೇ?" ಎಂದ ಫೆರುಚ್ಚೊ.

"ಇಲ್ಲಿ ಛಾವಣಿ ಹೆಂಚು ಹಾರ್ತಿದೆ. ಮಾಮೂಲಿ ತಾನೆ?"

ಅವನು ಏನೋ ನುಂಗಿಕೊಂಡದ್ದು ಕೇಳಿಸಿತು. ಕಾಫಿ ಕುಡಿಯುತ್ತಿದ್ದಾನೆ ಅಂದುಕೊಂಡೆ. ಎಂಥಾ ಪೆದ್ದಿ ನಾನು.

"ಮಾಮೂಲಿ ಕಣೆ. ಒತ್ತು," ಎಂದ.

ಯೋಜನೆ ಪರದೆಯ ಮೇಲೆ ಬಂತು. ತಾಲೀಮಿನಲ್ಲಿ ನೋಡಿದ್ದ ಅದೇ ಹೆಸರು, ಅದೇ ಬಣ್ಣ. ಬಿಚ್ಚಿ ನೋಡಲಿಲ್ಲ. ನೋಡುವ ರೂಢಿಯೇ ನಮಗಿರಲಿಲ್ಲ, ಮಾತಾಡಿ ಆಗಿದೆಯಲ್ಲ! ಒಪ್ಪಿಗೆ ಒತ್ತಿದೆ. ಹಿಂದೆ ನಿಂತವರು ಚಪ್ಪಾಳೆ ತಟ್ಟಿದರು.

ಸ್ವಲ್ಪ ಹೊತ್ತಿಗೆ ಪೊಡ್‌ಸ್ಕಾಲಾದ ಕ್ಯಾಮೆರಾದಲ್ಲಿ ಒಂದು ಲಾರಿ ಕಾಣಿಸಿತು. ದಾರಿ ತಪ್ಪಿದವನಿರಬೇಕು, ಫಲಕ ನೋಡಿ ತಿರುಗಿ ಹೋಗುತ್ತಾನೆ ಎಂದುಕೊಂಡೆ. ಅದರ ಹಿಂದೆ ಇನ್ನೊಂದು ಬಂತು. ಅದರ ಹಿಂದೆ ಸಾಲೇ ಬಂತು. ಫಲಕವನ್ನು ದೊಡ್ಡದು ಮಾಡಿ ನೋಡಿದೆ. ನಾನು ಜಾಗ ಬೇಡಿ ನಿಲ್ಲಿಸಿದ ಆ ಫಲಕದಲ್ಲಿ ಹಳದಿ ಬಾಣ ಬೆಳಗುತ್ತಿತ್ತು: ಸರಕು ತುಂಬಿದ ಲಾರಿಗಳು ಈ ಕಡೆ.

ಲಾರಿಗಳ ಕನ್ನಡಿಗಳು ಕಲ್ಲುಗೋಡೆಗಳಿಗೆ ಉಜ್ಜುತ್ತಿದ್ದವು. ಶಾಲೆ ಬಿಟ್ಟ ಮಕ್ಕಳನ್ನು ಯಾರೋ ಒಬ್ಬಳು ಬಾಗಿಲೊಳಗೆ ದರದರ ಎಳೆದುಕೊಂಡಳು. ತೊಂಚ್ಕಾ ಚಿಕ್ಕಮ್ಮ ತನ್ನ ಗೇಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಗಾಳಿಗೆ ಅವಳ ತಲೆವಸ್ತ್ರ ಹಾರಿಹೋಯಿತು. ಅವಳು ಅದರ ಕಡೆ ತಿರುಗಲಿಲ್ಲ, ಕತ್ತೆತ್ತಿ ನೆಟ್ಟಗೆ ಕ್ಯಾಮೆರಾವನ್ನು ನೋಡಿದಳು.

ರದ್ದು ಗುಂಡಿ ಒತ್ತಿದೆ. 'ಇನ್ನೊಂದು ದೇಶದ ಒಪ್ಪಿಗೆಗಾಗಿ ಕಾಯಲಾಗುತ್ತಿದೆ' ಎಂದಿತು ಯಂತ್ರ. ಹೌದಲ್ಲ, ರದ್ದು ಮಾಡಲೂ ಇಬ್ಬರೂ ಒಪ್ಪಬೇಕು. ಆ ನಿಯಮ ಬೇಕೇ ಬೇಕೆಂದು ಸಭೆಯಲ್ಲಿ ಹಟ ಹಿಡಿದವಳು ನಾನೇ.

ಫೋನೆತ್ತಿದೆ. "ಫೆರುಚ್ಚೊ, ಲಾರಿ ಊರೊಳಗೆ ಹೋಗ್ತಿದೆ! ರದ್ದು ಒತ್ತು!"

"ಗೊತ್ತು," ಎಂದ.

"ಗೊತ್ತು ಅಂದ್ರೆ?"

"ನನ್ನ ಅಂಗಳ ತುಂಬ್ತಾ ಇತ್ತು ಮಿಲೋಯ್ಕಾ. ಪ್ರತಿ ಸಲ ನನ್ನ ಮೇಲೇ ಬೀಳೋದು. ನಮ್ಮ ಗಡಿ ಪೇಟೆಯವರು ದೂರು ಕೊಟ್ಟಿದ್ರು. ತುಂಬಿದ ಲಾರಿಗೆ ಗಾಳಿ ಅಷ್ಟು ತಾಗಲ್ಲ, ಹಳೇ ರಸ್ತೇಲಿ ಬಿಡಬಹುದು ಅಂತ ತೀರ್ಮಾನ ಆಯ್ತು."

"ಯಾರು ತೀರ್ಮಾನ ಮಾಡಿದ್ದು?"

"ನಿಮ್ಮ ಸ್ಟೊಯಾನ್ ನಮ್ಮವರ ಜೊತೆ ಕೂತೇ ಮಾಡಿದ್ದು. ನಿನಗೆ ಹೇಳಿದ್ರೆ ಊರಿಗೆ ಓಡಿಹೋಗಿ ರಂಪ ಮಾಡ್ತೀಯ, ಮೊದಲನೇ ಸಲ ಆಗ್ಲಿ, ಆಮೇಲೆ ಹೇಳೋಣ ಅಂದ್ರು."

"ನಾನು ನಿನ್ನನ್ನ ಕೇಳಿದ್ನಲ್ಲೋ, ಮಾಮೂಲಿ ತಾನೆ ಅಂತ! ಬಾಯ್ಬಿಟ್ಟು ಕೇಳಿದ್ನಲ್ಲೋ!"

"ನೀನು ಬಿಚ್ಚಿ ನೋಡ್ಬಹುದಿತ್ತು," ಎಂದ ಮೆಲ್ಲಗೆ.

ಅವನು ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ನಾನು ನೋಡುವುದಿಲ್ಲ ಎಂದು ಜಗತ್ತಿನಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ಅದನ್ನೇ ನಂಬಿಕೊಂಡು ನನ್ನ ಕತ್ತು ಕೊಯ್ದ.

"ರದ್ದು ಒತ್ತು," ಎಂದೆ.

"ಅಂಗಳ ಖಾಲಿಯಾಗ್ಲಿ, ಒತ್ತೀನಿ," ಎಂದು ಫೋನಿಟ್ಟ.

ಸ್ಟೊಯಾನ್ ನನ್ನ ಭುಜದ ಮೇಲೆ ಕೈಯಿಟ್ಟು, ಅತಿಥಿಗಳಿಗೆ ಕೇಳಿಸದಂತೆ ಬಗ್ಗಿದ. "ಇವರ ಮುಂದೆ ಬೇಡ. ಊರಲ್ಲಿ ಯಾರಾದ್ರೂ ಕೇಳಿದ್ರೆ ಯಂತ್ರದ ದೋಷ ಅಂದ್ಬಿಡಿ. ಯಂತ್ರಕ್ಕೇನು, ಬೇಜಾರಾಗುತ್ತಾ?"

"ಕೈ ತೆಗೀರಿ," ಎಂದೆ. ಅತಿಥಿಗಳಿಗೆ ಭಾಷೆ ಬರದಿದ್ದರೂ ಅಷ್ಟು ಅರ್ಥವಾಗಿರಬೇಕು, ಎಲ್ಲರೂ ನಮ್ಮ ಕಡೆ ತಿರುಗಿದರು. ಅವರಲ್ಲೊಬ್ಬಳು ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸ್ಟೊಯಾನ್ ನಗುನಗುತ್ತಾ, ಗಡಿಯ ಅಂಗಳ ಹೇಗೆ ಖಾಲಿಯಾಗುತ್ತಿದೆ ನೋಡಿ ಎಂದು ಪರದೆ ತೋರಿಸಿದ.

ಪಾಳಿ ಮುಗಿದ ಕೂಡಲೇ ಊರಿಗೆ ಹೊರಟೆ. ಲಾರಿಗಳು ಇನ್ನೂ ಹೋಗುತ್ತಿದ್ದವು, ನಡುವೆ ಸಂದು ಸಿಗುವವರೆಗೂ ರಸ್ತೆ ದಾಟಲಾಗದೆ ನಿಂತಿದ್ದೆ. ನೆರೆಯವರು ಕಿಟಕಿಯಿಂದ ನೋಡಿ ಒಳಗೆ ಸರಿದರು. ಇಟಲಿಯವರು ಹೇಗೆ ಮೋಸ ಮಾಡಿದರು, ನಮ್ಮವರೇ ಹೇಗೆ ಕೈಜೋಡಿಸಿದರು, ಎಲ್ಲವನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಯಂತ್ರದ ದೋಷ ಎನ್ನುವ ಸುಳ್ಳನ್ನಂತೂ ಹೇಳುವುದಿಲ್ಲ ಎಂದು ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಇತ್ತು.

ತೊಂಚ್ಕಾ ಚಿಕ್ಕಮ್ಮ ಬಾಗಿಲು ತೆರೆದಳು. ಅವಳ ಬೆನ್ನ ಹಿಂದೆ ಕಪಾಟಿನಲ್ಲಿ ಲೋಟಗಳು ಸಣ್ಣಗೆ ನಡುಗುತ್ತಿದ್ದವು.

"ನಂಗೆ ಮೋಸ ಆಯ್ತು ಚಿಕ್ಕಮ್ಮ," ಎಂದೆ. ಅಳು ಬಂತು.

"ಯಾರು ಮಾಡಿದ್ದು?"

"ಫೆರುಚ್ಚೊ. ನಮ್ಮ ಸ್ಟೊಯಾನ್. ಇಬ್ಬರೂ ಸೇರ್ಕೊಂಡು ನನ್ನ ಕಣ್ಣಿಗೆ ಮಣ್ಣೆರಚಿಬಿಟ್ರು."

"ಒತ್ತಿದ್ದು ಯಾರು?"

"ನಾನೇ. ಆದ್ರೆ ಅವನನ್ನ ನಂಬಿ ಒತ್ತಿದೆ ಚಿಕ್ಕಮ್ಮ."

ಅವಳು ತಲೆಯಾಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ಅವಳ ಕಾಲು ಹಿಡಿಯುತ್ತಿದ್ದೆ.

"ನಾನೂ ಹಾಗೇ ಕೈ ಎತ್ತಿದ್ದು ಮಗಾ," ಎಂದಳು. "ಅವರಿಬ್ರು ಯಾರೋ ನಂಗೊತ್ತಿಲ್ಲ. ನಂಗೆ ಗೊತ್ತಿದ್ದೋಳು ನೀನು."

ಹಿಂದೆ ಇನ್ನೊಂದು ಲಾರಿ ಹೋಯಿತು. ಅವಳು ಅದು ದಾಟುವವರೆಗೂ ಚೌಕಟ್ಟು ಹಿಡಿದುಕೊಂಡಳು, ಆಮೇಲೆ ಒಲೆಯ ಕಡೆ ನಡೆದಳು. ಬಾಗಿಲು ಹಾಕಲಿಲ್ಲ. ಆ ಮನೆಯಲ್ಲಿ ನನ್ನನ್ನು ಯಾರೂ ಎಂದೂ ಒಳಗೆ ಬಾ ಎಂದು ಕರೆಯಬೇಕಾಗಿರಲಿಲ್ಲ, ನಾನಾಗಿ ನುಗ್ಗುತ್ತಿದ್ದೆ. ಆ ದಿನ ಅವಳು ಕರೆಯಲಿ ಎಂದು ಹೊಸ್ತಿಲ ಹೊರಗೆ ನಿಂತು ಕಾದೆ. ಅವಳು ಕರೆಯಲಿಲ್ಲ.