ಕುರ್ಚಿ ವಾಪಸು ತರುವ ಕೆಲಸ

ಚಳಿಗಾಲ ಮುಗಿಯುತ್ತಾ ಬಂದಿತ್ತು. ಬೆಳಗಿನ ಒಂಬತ್ತರ ಹೊತ್ತು. ಬಿಸಿಲು ಷೆಡ್ಡಿನ ಬಾಗಿಲವರೆಗೆ ಬಂದು, ಒಳಗೆ ಬರಲೋ ಬೇಡವೋ ಅನ್ನುವಂತೆ ನಿಂತಿತ್ತು. ನಾನು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ತಲೆ ಎತ್ತಿ ನೋಡಿದರೆ ಒಬ್ಬ ಹುಡುಗಿ ಎದುರಿಗೇ ನಿಂತಿದ್ದಳು. ಯಾವಾಗ ಬಂದಳೋ, ಬಾಗಿಲು ಯಾವಾಗ ತೆಗೆದಳೋ ಗೊತ್ತೇ ಆಗಲಿಲ್ಲ. ಆ ಕಬ್ಬಿಣದ ಬಾಗಿಲು ಯಾರು ಮುಟ್ಟಿದರೂ ಕಿರುಚುತ್ತಿತ್ತು. ಅವಳ ಕೈಯಲ್ಲಿ ಮಾತ್ರ ಸುಮ್ಮನಿತ್ತು.

"ಎಲ್ಲಿಂದ ಬಂದ್ಯೇ ಮಗೂ?"

"ಬಾಗಿಲಿಂದಲೇ ಬಂದೆ ಅಜ್ಜಿ. ಅನುಭವಕ್ಕೆ ಅಂತ ಕಳಿಸಿದ್ದಾರೆ."

ವ್ಯಾನಿನ ಕೆಳಗೆ ಮಲಗಿ ಏನನ್ನೋ ಬಿಗಿಯುತ್ತಿದ್ದ ನಮ್ಮ ಡ್ರೈವರ್ ಅಲ್ಲಿಂದಲೇ ಕೂಗಿದ: "ಅಜ್ಜೀ, ಬೆಕ್ಕು ಬಂದಿದೆ, ಹಾಲು ಮುಚ್ಚಿಡಿ!"

ಹುಡುಗಿ ನಕ್ಕಳು. ಅವತ್ತಿನಿಂದ ಅವಳು ಎಲ್ಲರಿಗೂ ಬೆಕ್ಕಮ್ಮ.

ನಮ್ಮದು ಸೇವಾ ಸಂಸ್ಥೆ. ಮನೆಯಲ್ಲಿ ಕಾಯಿಲೆ ಬಿದ್ದವರಿಗೆ ಗಾಲಿಕುರ್ಚಿ, ಊರುಗೋಲು, ತಲೆಯ ಕಡೆ ಎತ್ತರಿಸುವ ಮಂಚ, ಇಂಥವನ್ನು ಬಿಟ್ಟಿಯಾಗಿ ಕೊಡುತ್ತಿದ್ದೆವು. ಬೇಕಾದಷ್ಟು ದಿನ ಇಟ್ಟುಕೊಂಡು ವಾಪಸು ಕೊಡಬೇಕು. ಹರಿದ ಸೀಟುಗಳನ್ನು ಹೊಲಿಯುವುದು ನನ್ನ ಪಾಲಿನ ಕೆಲಸ. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಒಬ್ಬರು ಇದನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಓದು ಮುಗಿಸಿ ಕೆಲಸ ಸಿಗದ ಮಕ್ಕಳು ಅರ್ಧ ವರ್ಷದ ಮಟ್ಟಿಗೆ ನಮ್ಮಲ್ಲಿಗೆ ಬರುತ್ತಿದ್ದರು. ಸಂಬಳವಿಲ್ಲ. ಕೊನೆಗೆ ಮೇಷ್ಟ್ರು ಒಂದು ಪತ್ರ ಬರೆದುಕೊಡುತ್ತಿದ್ದರು, ಇಂಥವರು ಇಂಥ ಕೆಲಸ ಮಾಡಿದರು ಅಂತ. ಅದನ್ನು ಹಿಡಿದುಕೊಂಡು ಬೇರೆ ಕಡೆ ಕೆಲಸ ಕೇಳುತ್ತಿದ್ದರು. ಕೆಲವರು ಆ ಆರು ತಿಂಗಳನ್ನು ಫೋನು ನೋಡುತ್ತಲೇ ಕಳೆದರು. ಒಬ್ಬನಂತೂ ಗಾಲಿಕುರ್ಚಿಯಲ್ಲಿ ಕೂತು ಷೆಡ್ಡಿನ ತುಂಬ ಓಡಾಡಿ ಗೋಡೆಗೆ ಗುದ್ದಿ ಹಲ್ಲು ಮುರಿದುಕೊಂಡ.

ಬೆಕ್ಕಮ್ಮ ಹಾಗಲ್ಲ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ನನ್ನ ಪಕ್ಕ ಕೂತು ಹಳೆಯ ಸೀಟಿನ ದಾರ ಬಿಚ್ಚಿಕೊಡುತ್ತಿದ್ದಳು. ಹಾಗೆ ಬಿಚ್ಚುತ್ತಲೇ ತನ್ನ ಸಂಗತಿಯನ್ನೂ ಹೇಳಿದಳು. ಶಾಲೆ ಮುಗಿದ ಬೇಸಿಗೆಯಲ್ಲೇ ಅವಳ ತಾಯಿ ಹಾಸಿಗೆ ಹಿಡಿದರಂತೆ. ವರ್ಷಗಟ್ಟಲೆ ಎಲ್ಲವೂ ಮಲಗಿದಲ್ಲೇ. ಅಣ್ಣ ಕೆಲಸಕ್ಕೆ ಹೋಗುತ್ತಿದ್ದ, ಅಪ್ಪ ಕೆಲಸಕ್ಕೆ ಹೋಗುತ್ತಿದ್ದರು, ಇವಳು ಮನೆಯಲ್ಲಿದ್ದಳು. ತಾಯಿಗೆ ನಿದ್ದೆ ಕಡಿಮೆ. ಹತ್ತಿದ ಒಂದು ಜೊಂಪು ಹಾರಿಹೋಗಬಾರದೆಂದು ಬಾಗಿಲು, ಪಾತ್ರೆ, ಹೆಜ್ಜೆ ಎಲ್ಲವನ್ನೂ ಸದ್ದಿಲ್ಲದೆ ಮಾಡುವುದು ಕಲಿತಳು.

"ಅಮ್ಮ ಹೋದ್ಮೇಲೆ ಆರೈಕೆ ಮನೇಲಿ ಕೆಲಸ ಕೇಳಿದೆ ಅಜ್ಜಿ. ಅದೇ, ವಯಸ್ಸಾದವರನ್ನ ಇಟ್ಕೊಳ್ತಾರಲ್ಲ, ಅಲ್ಲಿ. ಏನಮ್ಮಾ ಅನುಭವ ಅಂದ್ರು. ಅಮ್ಮನ್ನ ನೋಡ್ಕೊಂಡೆ ಅಂದೆ. ಅದು ಮನೆಕೆಲಸ, ಅನುಭವ ಅಂದ್ರೆ ಬೇರೆ, ಎಲ್ಲಾದ್ರೂ ಮಾಡಿದ ಪತ್ರ ತಗೊಂಡು ಬಾ ಅಂದ್ರು."

"ನಿಮ್ಮಪ್ಪ ಏನಂತಾರೆ?"

"ದೊಡ್ಡಮ್ಮನಿಗೆ ಲಕ್ವ ಹೊಡೆದಿದೆ. ಅವರಿಗೆ ಹೆಣ್ಣುಮಕ್ಕಳಿಲ್ಲ. ಕೆಲಸ ಸಿಕ್ಕಿದ್ರೆ ಸರಿ, ಇಲ್ದಿದ್ರೆ ಅಲ್ಲಿಗೆ ಹೋಗು, ಹೇಗೂ ನಿನಗೆ ರೂಢಿ ಇದೆ ಅಂದ್ರು ಅಪ್ಪ." ದಾರವನ್ನು ಬೆರಳಿಗೆ ಸುತ್ತಿದಳು. "ದೊಡ್ಡಮ್ಮ ಅಂದ್ರೆ ನನಗೆ ಪ್ರೀತಿನೇ. ಆದ್ರೆ ಅಲ್ಲಿಗೆ ಹೋದ್ರೆ ಮತ್ತೆ ಅದೇ ಕೋಣೆ ಅಜ್ಜಿ. ಹೊರಗೆ ಬರೋ ಹೊತ್ತಿಗೆ ನನಗೆಷ್ಟು ವಯಸ್ಸಾಗಿರುತ್ತೋ. ಆಗಲೂ ಯಾರಾದ್ರೂ ಅನುಭವ ಏನು ಅಂತಲೇ ಕೇಳ್ತಾರೆ."

ನಾನು ಬಿಚ್ಚಬೇಕಾದ ಇನ್ನೊಂದು ಸೀಟನ್ನು ಅವಳ ಕಡೆ ಸರಿಸಿದೆ.

ನಮ್ಮ ಕೆಲಸದಲ್ಲಿ ಒಂದು ಕ್ರಮವಿತ್ತು. ಕುರ್ಚಿ ತೆಗೆದುಕೊಂಡು ಹೋಗಿ ಅಂತ ಯಾರಾದರೂ ಫೋನು ಮಾಡಿದರೆ ಯಾಕೆ ಅಂತ ಕೇಳಬಾರದು. ಹೆಚ್ಚಾಗಿ ಕಾರಣ ಒಂದೇ ಇರುತ್ತಿತ್ತು. ಅದನ್ನು ಅವರ ಬಾಯಿಂದ ಹೇಳಿಸಬಾರದು. ವ್ಯಾನನ್ನು ಆ ಮನೆಯಿಂದ ಸ್ವಲ್ಪ ಮುಂದೆ ನಿಲ್ಲಿಸಬೇಕು. ಬಾಗಿಲಲ್ಲಿ ಒಂದು ಸಮಾಧಾನದ ಮಾತು ಹೇಳಿ, ಕುರ್ಚಿ ಮಡಚದೆ, ಸದ್ದು ಮಾಡದೆ, ಹಾಗೇ ಎತ್ತಿಕೊಂಡು ಬರಬೇಕು. ಇದನ್ನೆಲ್ಲ ಮೇಷ್ಟ್ರು ಮೊದಲ ದಿನವೇ ಹೇಳಿಕೊಡುತ್ತಿದ್ದರು. ಇನ್ನೊಂದನ್ನೂ ಹೇಳುತ್ತಿದ್ದರು: ಅನುಭವಕ್ಕೆ ಬಂದವರು ಕುರ್ಚಿ ಮುಟ್ಟಬೇಕು, ಮಂಚ ಮುಟ್ಟಬೇಕು, ರೋಗಿಯ ಮೈ ಮಾತ್ರ ಮುಟ್ಟಕೂಡದು.

ಬಿಸಿಲು ಬಲಿತ ಮೇಲೆ ಒಂದು ದಿನ ಫೋನು ಬಂತು. ಬೆಕ್ಕಮ್ಮನೇ ಎತ್ತಿದಳು. ಆ ಕಡೆಯ ಹೆಂಗಸು ಅಳುತ್ತಾ, ನಿಮ್ಮ ಕುರ್ಚಿ ತಗೊಂಡು ಹೋಗ್ರಪ್ಪಾ, ನಮಗಿನ್ನು ಬೇಡ, ಅಂದರಂತೆ. ಇವಳು ಕ್ರಮದಂತೆ ಯಾಕೆ ಅಂತ ಕೇಳಲಿಲ್ಲ. ಹೊರಟೆವು. ಕ್ಯಾನ್ವಾಸ್ ಬಟ್ಟೆ ತರುವುದಿದ್ದರಿಂದ ನಾನೂ ವ್ಯಾನಿನಲ್ಲಿದ್ದೆ.

ಎರಡನೇ ಮಹಡಿಯ ಮನೆ. ಮೆಟ್ಟಿಲು ಕಿರಿದು, ನಾನೂ ಅವರ ಹಿಂದೆ ಹತ್ತಿದೆ. ಬಾಗಿಲು ತೆಗೆದ ಹೆಂಗಸಿನ ಕಣ್ಣು ಕೆಂಡದ ಹಾಗಿತ್ತು. ಬೆಕ್ಕಮ್ಮ ತಲೆ ಬಗ್ಗಿಸಿ ಮೆಲ್ಲಗೆ ಹೇಳಿದಳು:

"ಅಮ್ಮಾ, ನಿಮ್ಮ ದುಃಖ ನಮಗೆ ಅರ್ಥ ಆಗುತ್ತೆ. ಅವರ ಕಷ್ಟ ಮುಗೀತು ಅಂದ್ಕೊಂಡು ಸಮಾಧಾನ ಮಾಡ್ಕೊಳ್ಳಿ."

ಒಳಗಿನ ಕೋಣೆಯಿಂದ ಗಂಡಸಿನ ದನಿ ಬಂತು.

"ಯಾರದ್ದೇ ಕಷ್ಟ ಮುಗಿದಿದ್ದು? ನನಗೂ ಸ್ವಲ್ಪ ಹೇಳಿ, ನಾನೂ ಸಮಾಧಾನ ಮಾಡ್ಕೊಳ್ತೀನಿ!"

ಡ್ರೈವರ್ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಹೆಂಗಸು ಒಂದು ಗಳಿಗೆ ಇವಳನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು. ಅಳುವೋ ನಗುವೋ ತಿಳಿಯಲಿಲ್ಲ.

"ಇದ್ದಾರೆ ಕಣಮ್ಮಾ, ಇದ್ದಾರೆ. ಕುರ್ಚೀಲಿ ಕೂತ್ರೆ ಉರಿಯುತ್ತಂತೆ. ಎತ್ತಿ ಬಿಸಾಕು, ಇಲ್ಲಾ ನನ್ನನ್ನೇ ಬಿಸಾಕು ಅಂತಾರೆ. ರಾತ್ರಿಯೆಲ್ಲಾ ಇದೇ ಜಗಳ. ಸಾಕಾಗಿಹೋಯ್ತು."

ನಮ್ಮನ್ನು ಒಳಗೆ ಗಂಡನ ಕೋಣೆಗೆ ಕರೆದುಕೊಂಡು ಹೋದರು. ಆತ ಮನೆಗಳಿಗೆ ಬಣ್ಣ ಬಳಿಯುತ್ತಿದ್ದವರು. ಏಣಿಯಿಂದ ಬಿದ್ದಮೇಲೆ ಕಾಲುಗಳ ಸ್ವಾಧೀನ ತಪ್ಪಿತ್ತು, ಈಗ ಮೂತ್ರಪಿಂಡವೂ ಕೈಕೊಟ್ಟಿತ್ತು. "ಸತ್ತವನ ಮುಖ ನೋಡೋಕೆ ಬಂದಿದ್ದೀರಲ್ಲ, ನೋಡಿ," ಅಂದರು. "ಸ್ವಲ್ಪ ಬಿಳಿಚ್ಕೊಂಡಿದೆ. ಒಂದು ಕೋಟು ಹೊಡೆದ್ರೆ ಸರಿಹೋಗುತ್ತೆ."

ಬೇರೆಯವರಾಗಿದ್ದರೆ ಕ್ಷಮೆ ಕೇಳಿ ಓಡಿಬರುತ್ತಿದ್ದರು. ಬೆಕ್ಕಮ್ಮ ಮಾತ್ರ ಆತ ಮಲಗಿದ್ದ ರೀತಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಮಂಚದ ಹತ್ತಿರ ಹೋದಳು.

"ಬೆಕ್ಕಮ್ಮಾ," ಡ್ರೈವರ್ ಬಾಗಿಲಿಂದ ಎಚ್ಚರಿಸಿದ, "ಮುಟ್ಟಬೇಡ ಕಣೇ."

ಅಷ್ಟರಲ್ಲಿ ಅವಳ ಒಂದು ಕೈ ಆತನ ಭುಜದ ಕೆಳಗಿತ್ತು, ಇನ್ನೊಂದು ಸೊಂಟದ ಕೆಳಗೆ. ಮಗುವನ್ನು ಮಗ್ಗುಲಾಗಿಸಿದ ಹಾಗೆ ಮಗ್ಗುಲಾಗಿಸಿದಳು. ಬೆನ್ನಿನ ಬುಡದಲ್ಲಿ ಹಾಸಿಗೆ ಹುಣ್ಣು, ಅಂಗೈಯಗಲ. ಹೆಂಡತಿಗೆ ಅದು ಇಷ್ಟು ದೊಡ್ಡದಾಗಿದೆ ಅಂತಲೇ ಗೊತ್ತಿರಲಿಲ್ಲ. ಹುಡುಗಿ ಬಿಸಿನೀರು ಕೇಳಿದಳು, ಉಪ್ಪು ಕೇಳಿದಳು, ಒಗೆದ ಮೆತ್ತನೆಯ ಬಟ್ಟೆ ಕೇಳಿದಳು. ತೊಳೆದು ಒರೆಸಿ, ಮೊಣಕಾಲುಗಳ ನಡುವೆ ದಿಂಬಿಟ್ಟಳು. ಮುಗಿದ ಮೇಲೆ ಬಣ್ಣದವರು ಕಣ್ಣು ಮುಚ್ಚಿಕೊಂಡು, "ಉರಿ ಇಳೀತು," ಅಂದರು.

ಕುರ್ಚಿ ಅಲ್ಲೇ ಬಿಟ್ಟು ಬರುವಾಗ ದಾರಿಯಲ್ಲಿ ಡ್ರೈವರ್ ಅಂದ: "ನಾನೇನೂ ನೋಡಿಲ್ಲಪ್ಪಾ. ಗೋಡೆ ನೋಡ್ತಿದ್ದೆ. ಅಜ್ಜಿಗೆ ಹೇಗೂ ಕಣ್ಣು ಕಾಣಲ್ಲ." ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಸುಮ್ಮನಿದ್ದೆ.

ಅಲ್ಲಿಂದ ಅವಳು ನಮ್ಮ ಕೆಲಸ ಮುಗಿದ ಮೇಲೆ, ಸಂಜೆ ಹೊತ್ತು, ಆ ಮನೆಗೆ ಹೋಗತೊಡಗಿದಳು. ಡಾಕ್ಟರಿಗೂ ತೋರಿಸಿ ಅಂತ ಹಟಮಾಡಿ ಹೇಳಿ ಮುಲಾಮು ತರಿಸಿದಳು. ನಾನು ಹುಣ್ಣಿಗೆ ತಾಗದಂತೆ ನಡುವೆ ತೂತು ಬಿಟ್ಟು ಒಂದು ಮೆತ್ತೆ ಹೊಲಿದುಕೊಟ್ಟೆ. ಹುಣ್ಣು ಮಾಯುತ್ತಾ ಬಂತು. ಬಣ್ಣದವರು ಅದೇ ಕುರ್ಚಿಯಲ್ಲಿ ಕೂತು ಕಿಟಕಿಯ ಹತ್ತಿರ ಬರುವಂತಾದರು. ಎದುರು ಮನೆಯ ಗೋಡೆ ನೋಡಿ, "ಯಾವನಯ್ಯಾ ಇದನ್ನ ಬಳಿದಿದ್ದು? ಬ್ರಷ್ಷಲ್ಲೋ ಪೊರಕೇಲೋ?" ಅಂತ ಬಯ್ಯುತ್ತಿದ್ದರಂತೆ. ಅವಳು ಬಂದರೆ, "ಏನಮ್ಮಾ, ಇವತ್ತೂ ಸತ್ತಿಲ್ಲ ನೋಡು, ಬೇಜಾರು ಮಾಡ್ಕೋಬೇಡ," ಅನ್ನುತ್ತಿದ್ದರಂತೆ. ಇದನ್ನು ನನಗೆ ಹೇಳುವಾಗ ಅವಳ ನಗು ಷೆಡ್ಡಿನ ತಗಡಿಗೆ ಮುಟ್ಟುತ್ತಿತ್ತು. ಅವಳಿಂದ ಅಷ್ಟು ದೊಡ್ಡ ಸದ್ದು ಬರುತ್ತದೆ ಅಂತ ಅಲ್ಲಿವರೆಗೆ ನಮಗೆ ಗೊತ್ತಿರಲಿಲ್ಲ.

ಮಳೆ ಹಿಡಿದ ವಾರ ಆತ ತೀರಿಕೊಂಡರು. ಮೂತ್ರಪಿಂಡ ಪೂರ್ತಿ ನಿಂತುಹೋಗಿತ್ತು. ಕುರ್ಚಿ ತರಲು ಅವಳೇ ಹೋದಳು. ಬಾಗಿಲಲ್ಲಿ ಏನು ಹೇಳಿದೆ ಅಂತ ನಾನು ಕೇಳಿದ್ದಕ್ಕೆ, "ಏನೂ ಬಾಯಿಗೆ ಬರಲಿಲ್ಲ ಅಜ್ಜಿ," ಅಂದಳು. ಆ ಕುರ್ಚಿಯನ್ನು ಮಳೆಯಲ್ಲೇ ಕೂತು ತೊಳೆದಳು. ಮಳೆಯೇ ತೊಳೆಯುತ್ತಿತ್ತು, ಆದರೂ ತೊಳೆದಳು.

ಕೆಲವು ದಿನದ ಮೇಲೆ ಬಣ್ಣದವರ ಮಗ ಫೋನು ಮಾಡಿದ. ದೂರದಲ್ಲಿ ಕೆಲಸದಲ್ಲಿದ್ದವನು, ಕಾರ್ಯಕ್ಕೆ ಬಂದಿದ್ದ. ಒಳ್ಳೆಯ ಮನಸ್ಸಿನ ಹುಡುಗ. ಮೇಷ್ಟ್ರಿಗೇ ನೇರವಾಗಿ ಹೇಳಿದ: ನಿಮ್ಮ ಸಂಸ್ಥೆಯ ಉಪಕಾರ ಮರೆಯಲ್ಲ ಸರ್, ನೀವು ಕಳಿಸಿದ ಹುಡುಗಿ ಅಪ್ಪನ ಮೈ ತೊಳೆದಳು, ಹುಣ್ಣಿಗೆ ಔಷಧಿ ಹಾಕಿದಳು, ಅಪ್ಪ ನೆಮ್ಮದಿಯಿಂದ ಹೋದರು. ಇದನ್ನ ನೀವೂ ನಾಲ್ಕು ಜನರ ಮುಂದೆ ಹೇಳಿ ಸರ್, ಆ ಹುಡುಗಿಗೆ ಒಳ್ಳೆಯದಾಗಲಿ, ಅಂದ. ಫೋನು ಇಟ್ಟ ಮೇಲೆ ಮೇಷ್ಟ್ರು ಕನ್ನಡಕ ಒರೆಸುತ್ತಾ ಬೆಕ್ಕಮ್ಮನನ್ನು ಕರೆದರು.

"ಮೈ ಮುಟ್ಟಿದ್ಯಾ ಮಗೂ?"

"ಮುಟ್ಟಿದೆ ಸರ್."

"ನಾನು ಮೊದಲ ದಿನವೇ ಹೇಳಿರಲಿಲ್ವಾ?"

"ಹೇಳಿದ್ರಿ ಸರ್. ಹುಣ್ಣಿತ್ತು ಸರ್."

"ಏನಾದ್ರೂ ಹೆಚ್ಚುಕಮ್ಮಿ ಆಗಿ ಯಾರಾದ್ರೂ ದೂರು ಕೊಟ್ಟಿದ್ರೆ ಈ ಷೆಡ್ಡಿಗೆ ಬೀಗ ಬೀಳ್ತಿತ್ತು. ಆಗ ಇಷ್ಟು ಜನಕ್ಕೆ ಕುರ್ಚಿ ಯಾರು ಕೊಡ್ತಾರೆ, ನೀನೇ ಹೇಳು."

ಮೇಷ್ಟ್ರು ಕೆಟ್ಟವರಲ್ಲ. ಬಯ್ಯಲಿಲ್ಲ, ಮನೆಗೆ ಕಳಿಸಲೂ ಇಲ್ಲ. ಅವಳ ಅವಧಿ ಮುಗಿಯುವ ದಿನ ಪತ್ರ ಬರೆದರು. ಕುರ್ಚಿ ತೊಳೆದಳು, ಸಾಗಿಸಿದಳು, ಹೊತ್ತಿಗೆ ಸರಿಯಾಗಿ ಬಂದಳು ಅಂತ. ಎಲ್ಲವೂ ನಿಜವೇ.

ನಾನು ಮೇಷ್ಟ್ರ ಕೋಣೆಗೆ ಹೋಗುವವಳಲ್ಲ. ಅವತ್ತು ಹೋದೆ. "ಮೇಷ್ಟ್ರೇ, ರೋಗಿನ ನೋಡ್ಕೊಂಡ್ಳು ಅಂತ ಒಂದು ಸಾಲು ಬರೆದ್ರೆ ಆಗಲ್ವಾ? ಆರೈಕೆ ಮನೆಯವರಿಗೆ ಬೇಕಾಗಿರೋದು ಅದೇ."

"ಬರೆದ್ರೆ ನಾನೇ ಕಳಿಸಿದೆ ಅಂತಾಗುತ್ತೆ ಅಜ್ಜಿ." ಅವರು ನನ್ನ ಮುಖ ನೋಡಲಿಲ್ಲ.

ಆ ಮಗನಿಂದ ನಾಲ್ಕು ಮಾತು ಬರೆಸಿಕೋ ಅಂತ ಹುಡುಗಿಗೆ ಹೇಳಿದೆ. ಅದನ್ನೂ ಯೋಚಿಸಿಬಿಟ್ಟಿದ್ದಳು. "ಆರೈಕೆ ಮನೆಯವರು ಇಲ್ಲಿಗೇ ಫೋನು ಮಾಡಿ ಕೇಳ್ತಾರೆ ಅಜ್ಜಿ. ಆಗ ಮೇಷ್ಟ್ರು ಹೌದು ಅಂದ್ರೂ ಕಷ್ಟ, ಇಲ್ಲ ಅಂದ್ರೂ ಕಷ್ಟ. ಬೇಡ ಬಿಡಿ."

ಪತ್ರ ಹಿಡಿದುಕೊಂಡು ಆರೈಕೆ ಮನೆಗೆ ಹೋದಳು. ಮಧ್ಯಾಹ್ನದೊಳಗೆ ತಿರುಗಿ ಬಂದಳು. ಡ್ರೈವರ್, "ಏನಂದ್ರೇ? ನಾಳೆಯಿಂದ ದೊಡ್ಡ ಮನುಷ್ಯಳಾ?" ಅಂದ.

"ಕುರ್ಚಿ ತೊಳೆಯೋರು ನಮ್ಮಲ್ಲೇ ಇದ್ದಾರೆ ಅಂದ್ರು ಅಣ್ಣಾ. ರೋಗಿಗಳ ಜೊತೆ ಇದ್ದು ಗೊತ್ತಿರೋರು ಬೇಕಂತೆ."

ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಹೊರಗೆ ಹೋದ.

ಅವಳ ಅಪ್ಪ ಬಂದದ್ದು ಆ ವಾರವೇ. ಮಳೆಗೆ ನೆನೆದು ಬಾಗಿಲ ಹೊರಗೇ ನಿಂತಿದ್ದರು. ಬನ್ನಿ ಅಂದರೂ ಒಳಗೆ ಬರಲಿಲ್ಲ, ಕೆಸರಾಗುತ್ತೆ ಅಂದರು. ಸಂಕೋಚದ ಮನುಷ್ಯ. ಮಗಳ ಚೀಲ ತಾವೇ ಹೊತ್ತಿದ್ದರು. ದೊಡ್ಡಮ್ಮ ಒಂದು ತುತ್ತೂ ಬೇರೆಯವರ ಕೈಯಿಂದ ತಿನ್ನುತ್ತಿಲ್ಲ, ಇವಳ ದಾರಿಯನ್ನೇ ಕಾಯುತ್ತಿದ್ದಾರೆ ಅಂದರು. ಮೇಷ್ಟ್ರು ಹೊರಗೆ ಬಂದು ಅವರ ಕೈ ಹಿಡಿದುಕೊಂಡರು. ಏನೋ ಹೇಳಲು ಹೋಗಿ, ಮಳೆ ಜೋರಾಯಿತು, ಕೊಡೆ ತಗೊಳ್ಳಿ, ಅಂದರು.

ಬೆಕ್ಕಮ್ಮ ನನ್ನ ಪಕ್ಕ ಸ್ವಲ್ಪ ಹೊತ್ತು ಕೂತಳು. ದೊಡ್ಡಮ್ಮ ತುಂಬಾ ದಪ್ಪ, ಒಬ್ಬಳೇ ಹೇಗೆ ಮಗ್ಗುಲು ಬದಲಾಯಿಸಲಿ ಅಂತ ಯೋಚಿಸುತ್ತಿದ್ದೀನಿ ಅಂದಳು. ಕೆಳಗೆ ಒಂದು ದಪ್ಪ ದುಪ್ಪಟಿ ಹಾಕಿ ಅದನ್ನೇ ಎಳೆದರೆ ಆದೀತು ಅಂತ ತಾನೇ ಹೇಳಿಕೊಂಡಳು. ನಾನು ಹೂಂ ಅಂದೆ. ಎದ್ದು ನನ್ನ ತಲೆಗೂದಲು ಸರಿಮಾಡಿ ಹೋದಳು. ಒಂದೇ ಕೊಡೆಯಲ್ಲಿ ಅಪ್ಪ, ಮಗಳು. ಅಪ್ಪ ಕೊಡೆಯನ್ನು ಮಗಳ ಕಡೆಗೇ ಹಿಡಿದಿದ್ದರು.

ಅವಳು ಹೋದದ್ದು ಗುರುವಾರ. ಶುಕ್ರವಾರದಿಂದ ಆ ಕಬ್ಬಿಣದ ಬಾಗಿಲು ಯಾರು ತೆಗೆದರೂ ಕಿರುಚುತ್ತದೆ.