ವಿಲ್ಫನ ಹಟಮಾರಿ ಎಂಜಿನ್

ವಿಲ್ಫ್ ಸತ್ತ ಮೇಲೂ ನಮ್ಮನ್ನು ಕಾಯಿಸಿದ. ಹಡರ್ಸ್‌ಫೀಲ್ಡ್ ಪಟ್ಟಣದ ಮೇಲಿನ ಗುಡ್ಡದ ಬಯಲಿನಲ್ಲಿ, ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ನಮ್ಮ ಮಾದರಿ ವಿಮಾನಗಳ ಸಂಘದವರೆಲ್ಲ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದೆವು. ಗಾಳಿ ಕಿವಿ ಕತ್ತರಿಸುವಂತಿತ್ತು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಟೋಪಿ ಮತ್ತೆ ಹಾಕಿಕೊಂಡೆವು. ಎಂಜಿನ್ ಇನ್ನೂ ಸರಿಯಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನು ಸಂಘದ ಕಾರ್ಯದರ್ಶಿಯಾದ ನನ್ನನ್ನು ಕರೆಸಿಕೊಂಡು ಒಂದು ಮಾತು ಹೇಳಿದ್ದ. ತನ್ನ ಬೂದಿಯನ್ನು ಈ ಬಯಲಿನ ಮೇಲೆ, ತಾನೇ ಕಟ್ಟಿದ ಕೆಂಪು ವಿಮಾನದಿಂದ ಉದುರಿಸಬೇಕು. ಅದರ ಮೂಗಿನಲ್ಲಿ ಅವನ ಹಳೆಯ ಎಂಜಿನ್ನೇ ಇರಬೇಕು, ಬೇರೆ ಯಾವುದೂ ಕೂಡದು. ನಾನು ಆಗಲಿ ಎಂದುಬಿಟ್ಟೆ. ಸಾಯುವವನ ಮುಂದೆ ಇನ್ನೇನು ಹೇಳುವುದು? ಆದರೆ ಆ ಎಂಜಿನ್ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮುಷ್ಟಿಯಲ್ಲಿ ಹಿಡಿಯುವಷ್ಟು ಗಾತ್ರ, ಊರೆಲ್ಲ ಕೇಳುವಷ್ಟು ಸದ್ದು. ಅದರ ಕಾರ್ಬುರೇಟರ್ ವಿಲ್ಫನ ಬೆರಳಿಗಲ್ಲದೆ ಇನ್ನೊಬ್ಬರ ಬೆರಳಿಗೆ ಎಂದೂ ಬಗ್ಗಿದ್ದಿಲ್ಲ.

ಚಳಿಗಾಲವಿಡೀ ಅದು ಶೆಡ್ಡಿನಲ್ಲಿ ಬಿದ್ದಿತ್ತು. ಇಂಧನದಲ್ಲಿದ್ದ ಹರಳೆಣ್ಣೆ ಒಳಗೆಲ್ಲ ಅಂಟಿನಂತೆ ಗಟ್ಟಿಯಾಗಿತ್ತು. ಹಿಂದಿನ ದಿನ ಹೆಡ್ಲಿ ಅದನ್ನು ಮನೆಗೆ ಒಯ್ದು, ಕಾರ್ಬುರೇಟರ್ ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆದು ತಂದಿದ್ದ. ಹೆಡ್ಲಿ ನಮ್ಮ ಸಂಘದಲ್ಲಿ ಎಲ್ಲವನ್ನೂ ಬಲ್ಲವನು. ಯಾರೂ ಕೇಳದಿದ್ದರೂ ಹೇಳುವವನು.

"ಕನ್ನಡಿ ತರಹ ಮಾಡಿದೀನಿ. ಒಂದೇ ಏಟಿಗೆ ಸ್ಟಾರ್ಟ್ ಆಗುತ್ತೆ, ನೋಡ್ತಿರಿ" ಎಂದ.

ಸ್ಟಾರ್ಟ್ ಏನೋ ಆಯಿತು. ಪೂರ್ತಿ ರೇಸ್ ಕೊಟ್ಟರೆ ಭೋರ್ ಎಂದು ಓಡಿತು. ರೇಸ್ ಇಳಿಸಿದರೆ ಮಾತ್ರ ಅದರ ಬುದ್ಧಿ ಕೆಡುತ್ತಿತ್ತು. ಒಮ್ಮೆ ಏರುವುದು, ಒಮ್ಮೆ ಇಳಿಯುವುದು, ಮತ್ತೆ ಏರುವುದು, ಆಮೇಲೆ ಕೆಮ್ಮಿ ನಿಲ್ಲುವುದು. ನಿಧಾನವಾಗಿ ಓಡಲು ಬಾರದ ಎಂಜಿನ್ನನ್ನು ನಂಬಿ ಬೂದಿ ಹೊತ್ತ ವಿಮಾನವನ್ನು ಮೇಲಕ್ಕೆ ಬಿಡುವುದು ಹೇಗೆ?

"ನಿಧಾನದ ತಿರುಪು ಬಿಗಿ ಆಗಿದೆ" ಎಂದು ಹೆಡ್ಲಿ ಅದನ್ನು ಸಡಿಲಿಸಿದ. ಎಂಜಿನ್ ನಿಂತಿತು.

"ಇಲ್ಲ ಮಾರಾಯ, ಇಂಧನ ಜಾಸ್ತಿ ಆಗ್ತಿದೆ" ಎಂದು ಇನ್ನೊಬ್ಬ ಬಂದು, ಇಂಧನದ ಹರಿವನ್ನು ಹೊಂದಿಸುವ ದೊಡ್ಡ ಸೂಜಿಯನ್ನು ಒಳಕ್ಕೆ ತಿರುಗಿಸಿದ. ಈಗ ಪೂರ್ತಿ ರೇಸಿನಲ್ಲೂ ಕಿರುಚತೊಡಗಿತು. ಮೂರನೆಯವನು ಅದನ್ನು ಹೊರಕ್ಕೆ ತಿರುಗಿಸಿದ. ಹೊಗೆ ಕಾರಿತು. ಸುಮ್ಮನಿರಲಾಗದೆ ನಾನೂ ಒಂದು ಕೈ ಹಾಕಿದೆ. ಯಾರು ಎಷ್ಟು ತಿರುಗಿಸಿದರು, ಯಾವ ಕಡೆ ತಿರುಗಿಸಿದರು ಎಂಬುದೆಲ್ಲ ಕಲಸಿಹೋಯಿತು. ವಿಮಾನದ ಹೊಟ್ಟೆಯೊಳಗೆ ವಿಲ್ಫ್ ಆಗಲೇ ಕುಳಿತಿದ್ದ. ಪ್ರತಿ ಸಲ ಎಂಜಿನ್ ಗಡಗಡಿಸಿದಾಗಲೂ ಅವನಿದ್ದ ಡಬ್ಬಿ ಲೊಟಲೊಟ ಅನ್ನುತ್ತಿತ್ತು.

ಕಾರಿನ ಬಾಗಿಲು ದಡಾರನೆ ತೆರೆಯಿತು. ಒಳಗೆ ಕಾಯುತ್ತಿದ್ದ ವಿಲ್ಫನ ಹೆಂಡತಿ ಎಡ್ನಾ ಇಳಿದು ಬಂದಳು. ಕಪ್ಪು ಕೋಟು, ಕೈಯಲ್ಲಿ ಮಡಿಚಿದ ಛತ್ರಿ.

"ಏನು ರಾಯ್‌ಸ್ಟನ್, ಇವತ್ತೇ ಆಗುತ್ತೋ, ಇಲ್ಲ ಕ್ರಿಸ್‌ಮಸ್ಸಿಗೆ ಬರಬೇಕೋ?"

"ಇನ್ನೇನು ಆಗೋಯ್ತು ಎಡ್ನಾ. ಒಂಚೂರು ಹೊಂದಿಸಬೇಕು, ಅಷ್ಟೇ" ಎಂದೆ ನಾನು.

"ಒಂಚೂರು!" ಅವಳ ಧ್ವನಿ ಏರಿತು. "ಮದುವೆ ಆದಾಗಿಂದ ಇದೇ ಮಾತು ಕೇಳ್ತಿದೀನಿ. ಭಾನುವಾರ ಊಟ ಬಡಿಸಿದ್ರೆ, ಒಂಚೂರು ಇರು ಎಡ್ನಾ. ನಮ್ಮಕ್ಕನ ಮದುವೆಗೆ ಹೊರಟು ನಿಂತ್ರೆ, ಒಂಚೂರು ಇರು. ನನ್ನ ಅಡುಗೆಮನೆ ಮೇಜಿನ ಮೇಲೇ ಇದನ್ನ ಓಡಿಸಿದ್ದ ಪುಣ್ಯಾತ್ಮ. ಪರದೆಗೆಲ್ಲ ಎಣ್ಣೆ! ಈಗ ಅವನನ್ನ ಕಳಿಸಿಕೊಡೋಕೂ ಇದು ಒಂಚೂರು ಇರು ಅಂತಿದೆ!"

ಹೆಡ್ಲಿಯ ಕೈ ಮೆಲ್ಲಗೆ ಮತ್ತೆ ಸೂಜಿಯತ್ತ ಹೋಯಿತು. ಎಡ್ನಾ ಛತ್ರಿಯಿಂದ ಅವನ ಬೆರಳಿನ ಮೇಲೆ ಫಟ್ಟನೆ ಬಾರಿಸಿದಳು.

"ಅಯ್ಯೋ!"

"ಮುಟ್ಟಬೇಡ! ಮುಟ್ಟಿದೋರೆಲ್ಲ ಮುಟ್ಟಿ ಆಯ್ತು. ಇವತ್ತು ಹಾರಿಸೋರು ಯಾರು?"

ಹಾರಿಸುವವಳು ಮೇವಿಸ್. ಪಕ್ಕದೂರು ಹ್ಯಾಲಿಫ್ಯಾಕ್ಸಿನಲ್ಲಿ ಬಸ್ಸು ಓಡಿಸುತ್ತಾಳೆ. ಸಂಘದಲ್ಲಿ ಅವಳಷ್ಟು ಸ್ಥಿರವಾದ ಕೈ ಇನ್ನೊಬ್ಬರದಿಲ್ಲ. ಅಷ್ಟು ಹೊತ್ತೂ ಅವಳು ಬಯಲಿನಂಚಿನ ಕಲ್ಲುಗೋಡೆಗೊರಗಿ, ವಿಮಾನವನ್ನು ನೆಲದಿಂದಲೇ ನಡೆಸುವ ರೇಡಿಯೊ ಪೆಟ್ಟಿಗೆಯನ್ನು ಕೊರಳಿಗೆ ನೇತುಹಾಕಿಕೊಂಡು, ಹಲ್ಲು ಕಚ್ಚಿ ನಿಂತಿದ್ದಳು. ಈಗ ಮುಂದೆ ಬಂದಳು.

"ಎಲ್ಲರೂ ಕೈ ಜೇಬಿಗೆ ಹಾಕ್ಕೊಳ್ಳಿ. ಹೆಡ್ಲಿ, ಎರಡೂ ಕೈ."

ಅವಳು ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸಿನಲ್ಲಿಟ್ಟು, ಕಾರ್ಬುರೇಟರಿನ ಬುಡಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟಳು. ಎಣ್ಣೆ ಅಲ್ಲಿ ನಿಲ್ಲದೆ ಸರಕ್ಕನೆ ಒಳಗೆ ಹೋಯಿತು. ಎಂಜಿನ್ನಿನ ಸದ್ದು ತಟ್ಟನೆ ಬದಲಾಯಿತು.

"ಇಲ್ಲಿಂದ ಗಾಳಿ ಎಳ್ಕೊಳ್ತಿದೆ. ಸೂಜಿ ಎಷ್ಟು ತಿರುಗಿಸಿದ್ರೂ ಏನುಪಯೋಗ? ಹೊಂದಿಸಿದ್ದೆಲ್ಲ ಕೆಳಗಿನ ತೂತಲ್ಲೇ ಕೆಟ್ಟುಹೋಗುತ್ತೆ."

ಕಾರ್ಬುರೇಟರನ್ನು ಬಿಚ್ಚಿ ನೋಡಿದರೆ ಅದರ ಕತ್ತಿನ ರಬ್ಬರ್ ಉಂಗುರ ಒಣಗಿ ಬಿರುಕು ಬಿಟ್ಟಿತ್ತು. ಎಲ್ಲರೂ ಹೆಡ್ಲಿಯ ಮುಖ ನೋಡಿದೆವು.

"ಕನ್ನಡಿ ತರಹ ಮಾಡಿದೀನಿ ಅಂದೆಯಲ್ಲಪ್ಪಾ, ಇದು ಕಾಣಿಸಲಿಲ್ವಾ?" ಎಂದೆ.

"ನಿನ್ನೆ ಚೆನ್ನಾಗೇ ಇತ್ತು" ಎಂದ. ಅವನ ಕಿವಿಗಳು ಕೆಂಪಾದವು.

ವಿಲ್ಫನ ಪೆಟ್ಟಿಗೆಯಲ್ಲಿ ಬೇರೆ ಉಂಗುರವಿರಲಿಲ್ಲ. ಪೇಟೆಯ ಅಂಗಡಿ ಭಾನುವಾರ ತೆರೆಯುವುದಿಲ್ಲ. ಅದೇ ಅಳತೆಯ ಉಂಗುರ ಇದ್ದದ್ದು ಒಂದೇ ಕಡೆ: ಹೆಡ್ಲಿಯ ಕಾರಿನಲ್ಲಿ ಫ್ಲ್ಯಾನೆಲ್ ಬಟ್ಟೆ ಸುತ್ತಿಟ್ಟಿದ್ದ ಅವನ ಹೊಸ ಎಂಜಿನ್ನಿನಲ್ಲಿ. ಅದನ್ನು ಅವನು ಇನ್ನೂ ಒಮ್ಮೆಯೂ ಓಡಿಸಿರಲಿಲ್ಲ.

"ಅದು ಕಾರ್ಖಾನೆಯಿಂದ ಬಂದ ಹಾಗೇ ಇದೆ" ಎಂದ ಹೆಡ್ಲಿ. "ಒಂದ್ಸಲ ಬಿಚ್ಚಿದ್ರೆ ಮುಗೀತು. ಮುಂದಿನ ಭಾನುವಾರ ಇಟ್ಕೊಂಡ್ರೆ ಆಗಲ್ವಾ? ವಿಲ್ಫ್‌ಗೇನು, ಅವಸರ ಇಲ್ಲವಲ್ಲ."

ಎಡ್ನಾ ಅವನನ್ನೇ ನೋಡಿದಳು. ಈ ಸಲ ಛತ್ರಿ ಎತ್ತಲಿಲ್ಲ.

"ಹೆಡ್ಲಿ, ಅವನು ಎಂಟು ವಾರದಿಂದ ನನ್ನ ರೇಡಿಯೊ ಪಕ್ಕ ಡಬ್ಬಿಯಲ್ಲಿ ಕೂತಿದಾನೆ. ದಿನಾ ಬೆಳಿಗ್ಗೆ ಅದನ್ನ ಎತ್ತಿ ಧೂಳು ಒರೆಸಿ ಮತ್ತೆ ಇಡ್ತೀನಿ. ಇನ್ನೊಂದು ವಾರ ನನ್ನ ಕೈಲಾಗಲ್ಲ ಕಣಪ್ಪಾ."

ಹೆಡ್ಲಿ ಕಾರಿನತ್ತ ಹೋದ. ಬಗ್ಗಿ, ನಮಗೆ ಬೆನ್ನು ಮಾಡಿ, ಹೊಸ ಎಂಜಿನ್ನನ್ನು ಬಿಚ್ಚಿದ. ಉಂಗುರವನ್ನು ಅಂಗೈ ಮೇಲಿಟ್ಟುಕೊಂಡು ತಂದು ಮೇವಿಸ್‌ಗೆ ಕೊಟ್ಟ.

ಅಷ್ಟಕ್ಕೂ ಕೆಲಸ ಮುಗಿಯಲಿಲ್ಲ. ನಾವೆಲ್ಲ ಸೇರಿ ಕೆಡಿಸಿದ್ದನ್ನು ಮೊದಲಿನಿಂದ ಹೊಂದಿಸಬೇಕಿತ್ತು. ಮೇವಿಸ್ ದೊಡ್ಡ ಸೂಜಿಯನ್ನು ಧಾರಾಳವಾಗಿ ತೆರೆದು, ಹೊಗೆಯುಗುಳುತ್ತಿದ್ದ ಎಂಜಿನ್ನಿಗೆ ಪೂರ್ತಿ ರೇಸ್ ಕೊಟ್ಟು, ಸದ್ದು ಬಿಗಿಯಾಗುವವರೆಗೆ ಸೂಜಿಯನ್ನು ಚೂರು ಚೂರೇ ಒಳಕ್ಕೆ ತಿರುಗಿಸಿದಳು. ಆಮೇಲೆ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟಳು. ವಿಮಾನದ ಮೂಗನ್ನು ಆಕಾಶಕ್ಕೆ ಎತ್ತಿ ಹಿಡಿದಳು. ಸದ್ದು ಕುಂದಲಿಲ್ಲ. ಆಮೇಲೆ ರೇಸ್ ಇಳಿಸಿ, ಒಂದು ಗಳಿಗೆ ಇಂಧನ ತಡೆದು ನೋಡಲು ಅದರ ಕೊಳವೆಯನ್ನು ಬೆರಳುಗಳ ನಡುವೆ ಚಿವುಟಿದಳು. ಎಂಜಿನ್ ಒಮ್ಮೆ ವೇಗವಾಗಿ ಓಡಿ ನಿಂತಿತು.

"ನಿಧಾನದಲ್ಲಿ ಇಂಧನ ಜಾಸ್ತಿ" ಎಂದು ಸಣ್ಣ ತಿರುಪನ್ನು ಒಂದಿಷ್ಟು ಒಳಕ್ಕೆ ತಿರುಗಿಸಿದಳು. ಮತ್ತೆ ಸ್ಟಾರ್ಟ್, ಮತ್ತೆ ಚಿವುಟುವುದು, ಮತ್ತೆ ತಿರುಪು. ನಮ್ಮ ಕಾಲುಗಳು ಜೋಮು ಹಿಡಿದವು. ಯಾರೋ ಚಹಾ ಸುರಿದುಕೊಂಡರು. ಸಲಹೆ ಕೊಡಲು ಬಾಯಿ ತೆರೆದ ಒಬ್ಬನಿಗೆ ಎಡ್ನಾ ಛತ್ರಿ ತೋರಿಸಿದಳು. ಕೊನೆಗೊಮ್ಮೆ ಎಂಜಿನ್ ಒಂದೇ ಸಮನೆ ಟಪಟಪ ಎಂದು ನಿಧಾನವಾಗಿ ಓಡತೊಡಗಿತು. ರೇಸ್ ಕೊಟ್ಟರೆ ಕೆಮ್ಮದೆ ಏರಿತು. ಇಳಿಸಿದರೆ ಇಳಿಯಿತು.

"ಬೇಗ, ಬೇಗ! ಇದರ ಮನಸ್ಸು ಬದಲಾಗೋಕೆ ಮುಂಚೆ" ಎಂದಳು ಮೇವಿಸ್.

ಕೆಂಪು ವಿಮಾನ ಹುಲ್ಲಿನ ಮೇಲೆ ಓಡಿ, ಎದ್ದು, ಬೂದು ಬಣ್ಣದ ಆಕಾಶಕ್ಕೆ ಏರಿತು. ಸುಟ್ಟ ಹರಳೆಣ್ಣೆಯ ವಾಸನೆ ಬಯಲಿನ ತುಂಬ ಹರಡಿತು. ಮೇವಿಸ್ ಒಂದು ಸುತ್ತು ಹಾಕಿಸಿ ತಂದಳು. ವಿಮಾನದ ಹೊಟ್ಟೆಯ ಬಾಗಿಲು ತೆರೆಯಲು ರೇಡಿಯೊ ಪೆಟ್ಟಿಗೆಯ ಮೇಲಿದ್ದ ಗುಂಡಿಯನ್ನು ಎಡ್ನಾ ಒತ್ತಬೇಕೆಂದು ಮೊದಲೇ ಮಾತಾಗಿತ್ತು.

"ಈಗ ಒತ್ತಿ ಎಡ್ನಾ!"

ಎಡ್ನಾಳ ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ.

"ಇನ್ನೊಂದು ಸುತ್ತು" ಎಂದಳು.

ಮೇವಿಸ್ ಮತ್ತೆ ತಿರುಗಿಸಿ ತಂದಳು. "ಈಗ!"

"ಇನ್ನೊಂದು."

"ಎಡ್ನಾ, ಇಂಧನ ಮುಗಿಯುತ್ತಮ್ಮಾ" ಎಂದೆ ನಾನು. ಬೆಳಗಿನಿಂದ ತಡೆದಿಟ್ಟಿದ್ದ ತಾಳ್ಮೆ ಅಲ್ಲಿಗೆ ಮುಗಿದಿತ್ತು. "ಇಷ್ಟೊತ್ತು ತಡ ಆಯ್ತು ಅಂತ ಬೈತಿದ್ದೋಳು ನೀನೇ ಅಲ್ವಾ? ಒತ್ತಬಾರದಾ?"

"ನೀನು ಸುಮ್ನಿರು ರಾಯ್‌ಸ್ಟನ್. ಕೇಳಿಸ್ಕೊಳ್ತಿದೀನಿ."

ಅವಳ ಕಣ್ಣು ವಿಮಾನದ ಮೇಲಿರಲಿಲ್ಲ, ಕಾಲ ಬಳಿಯ ಹುಲ್ಲಿನ ಮೇಲಿತ್ತು. ವಿಮಾನ ಸುತ್ತುತ್ತಲೇ ಇತ್ತು. ಆಮೇಲೆ, ಗೋಡೆಯಾಚೆ ಕುರಿಗಳಿದ್ದ ಕಡೆ ತಿರುಗುವಾಗ, ಎಂಜಿನ್ ಒಮ್ಮೆ ಜೋರಾಗಿ ಕಿರುಚಿ ನಿಂತುಹೋಯಿತು. ಇಂಧನ ಮುಗಿದಿತ್ತು. ಬಯಲು ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ರೆಕ್ಕೆಗಳಿಗೆ ಗಾಳಿ ಉಜ್ಜುವ ಸದ್ದು ಕೂಡ ಕೇಳುತ್ತಿತ್ತು.

ಎಡ್ನಾ ತಲೆಯೆತ್ತಿದಳು, ಗುಂಡಿ ಒತ್ತಿದಳು. ವಿಮಾನದ ಕೆಳಗೆ ತೆಳ್ಳನೆಯ ಬೂದು ಎಳೆಯೊಂದು ಕಾಣಿಸಿಕೊಂಡು, ಗಾಳಿಗೆ ಅಗಲವಾಗಿ, ಗೋಡೆಯ ಮೇಲೆ, ಕುರಿಗಳ ಮೇಲೆ, ಜೌಗಿನ ಮೇಲೆ ಇಳಿಯಿತು.

ಮೇವಿಸ್ ವಿಮಾನವನ್ನು ತೇಲಿಸಿ ತರಲು ನೋಡಿದಳು. ಅದು ನಮ್ಮವರೆಗೆ ಮುಟ್ಟದೆ ಜೌಗಿನ ಜೊಂಡಿನಲ್ಲಿ ಮೂಗು ಚುಚ್ಚಿ ನಿಂತಿತು. ನಾನೂ ಹೆಡ್ಲಿಯೂ ಮಂಡಿಯವರೆಗೆ ಕೆಸರಿನಲ್ಲಿ ಇಳಿದು, ವಿಲ್ಫನನ್ನೂ ಕಾರ್ಬುರೇಟರುಗಳನ್ನೂ ಭಾನುವಾರಗಳನ್ನೂ ಶಪಿಸುತ್ತ ಅದನ್ನು ಎಳೆದು ತಂದೆವು.

ನಾವು ಬರುವಷ್ಟರಲ್ಲಿ ಎಡ್ನಾ ಕಾರಿನಲ್ಲಿ ಕುಳಿತು ಗಾಜು ಏರಿಸಿಕೊಂಡಿದ್ದಳು. ಹೆಗಲು ಅಲುಗುತ್ತಿತ್ತು. ಅವಳು ಅತ್ತದ್ದನ್ನು ನಾವು ಅವತ್ತೇ ಮೊದಲು ಕಂಡದ್ದು. ನೋಡದವರಂತೆ ಸಾಮಾನು ಕಟ್ಟುತ್ತ ಇದ್ದೆವು. ಬಹಳ ಹೊತ್ತಿನ ಮೇಲೆ ಗಾಜು ಇಳಿಯಿತು.

"ಮೇವಿಸ್, ಬಾ ಈಚೆ. ಅವನು ಎಂಜಿನ್ ಓಡಿಸಿದ್ದ ಆ ಅಡುಗೆಮನೆ ಮೇಜನ್ನ ಆಚೆ ಸಾಗಿಸಬೇಕು. ಒಬ್ಬಳೇ ಎತ್ತೋಕಾಗಲ್ಲ. ಮೊದಲು ಎಲ್ಲಾದ್ರೂ ಬಿಸಿಬಿಸಿ ಮೀನು ತಿನ್ನೋಣ, ನಡಿ."