ಜೀಪಿನ ಪೊಗರು

“ಡಬ್ಬಿನಾ, ರೀಮ್ಯಾಪಾ? ಯಾವುದಾದ್ರೂ ಒಂದು ಹೇಳಿಬಿಡಿ ಸಾರ್,” ಎಂದು ಡಾಕ್ಟರ್ ಮತ್ತೆ ಕೇಳಿದ.

ಅವನು ಮಾತ್ರೆ ಕೊಡುವ ಡಾಕ್ಟರಲ್ಲ. ಗಾಡಿಗಳ ಎಂಜಿನ್ ನಡೆಸುವ ಕಂಪ್ಯೂಟರನ್ನು ತಿದ್ದಿ ಶಕ್ತಿ ಹೆಚ್ಚಿಸಿಕೊಡುವವನು. ಬಂದವರನ್ನೆಲ್ಲ ‘ಏನು ಕಾಯಿಲೆ?’ ಎಂದೇ ಮಾತಾಡಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಇಂದಿನ ಗಿರಾಕಿ, ಊರಿನ ಕನ್ನಡಕದಂಗಡಿಯವನು, ತನ್ನ ಡೀಸೆಲ್ ಜೀಪಿಗೆ ಇನ್ನೊಂದು ಸುತ್ತು ಬಂದ. ಟೈರಿಗೊಂದು ಒದೆ ಕೊಟ್ಟ. ದಿನವಿಡೀ ಗಿರಾಕಿಗಳನ್ನು ಕೂರಿಸಿಕೊಂಡು ‘ಈ ಫ್ರೇಮಾ, ಆ ಫ್ರೇಮಾ, ಬೇಗ ಹೇಳಿ’ ಎಂದು ಜೀವ ತಿನ್ನುವ ಮನುಷ್ಯ, ತನ್ನ ಸರದಿ ಬಂದಾಗ ಬಾಯಿಗೆ ಬೀಗ ಹಾಕಿಕೊಂಡಿದ್ದ.

“ಡಬ್ಬಿ ಅಂದ್ರೆ ಹೊರಗಿಂದ ಸಿಕ್ಕಿಸೋದು ತಾನೆ?”

“ಹ್ಞೂ. ಎಂಜಿನ್ನಿಗೆ ಸುಳ್ಳು ಹೇಳಿ ಜಾಸ್ತಿ ಡೀಸೆಲ್ ಕುಡಿಸುತ್ತೆ. ಬೇಡ ಅನ್ನಿಸಿದ್ರೆ ಕಿತ್ತು ಜೇಬಲ್ಲಿ ಇಟ್ಕೋಬಹುದು. ರೀಮ್ಯಾಪ್ ಹಾಗಲ್ಲ, ಅದರ ಬುದ್ಧೀನೇ ತಿದ್ದೋದು. ನನ್ನ ಕೇಳಿದ್ರೆ ರೀಮ್ಯಾಪೇ ವಾಸಿ. ಆದ್ರೆ ಈ ಗಾಡಿಗೆ ಯಾಕೆ ಬೇಕು ಅಂತೀನಿ? ಕಂಪನಿಯವರೇ ಧಾರಾಳವಾಗಿ ಕೊಟ್ಟಿದಾರಲ್ಲ.”

“ಏರು ಹತ್ತಲ್ಲ,” ಎಂದಷ್ಟೇ ಹೇಳಿ ಅವನು ಬೇರೆ ಕಡೆ ನೋಡಿದ.

ಹೇಳಿದ್ದು ಅರ್ಧ ಮಾತು. ಇನ್ನರ್ಧವನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ರಜೆ ಬಂತೆಂದರೆ ಊರಾಚೆಯ ಹಳೆಯ ಕಲ್ಲುಗಣಿಗೆ ಜೀಪು ಹೊಡೆದುಕೊಂಡು ಹೋಗುವ ಗುಂಪೊಂದಿತ್ತು. ಎಂಥ ಏರಾದರೂ ಕಚ್ಚಿಕೊಂಡು ಹತ್ತುತ್ತಾನೆಂದು ಗುಂಪಿನವರು ಅವನಿಗೆ ‘ಉಡ’ ಎಂದು ಹೆಸರಿಟ್ಟಿದ್ದರು. ಹೋದ ವರ್ಷ ಆ ಗಣಿಯ ದೊಡ್ಡ ಏರಿನಲ್ಲಿ ಉಡದ ಹಿಡಿತ ತಪ್ಪಿತು. ಜೀಪು ಮಗುಚಿ ಎರಡು ಉರುಳು ಉರುಳಿತು. ಅವನ ಕಾಲು ಮುರಿಯಿತು, ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಎಡಭುಜ ಮುರಿಯಿತು. ಕಾಲು ಕೂಡಿಕೊಂಡಿತು, ಜೀಪೂ ರಿಪೇರಿಯಾಗಿ ಬಂತು. ಆದರೆ ಆಮೇಲೆ ಅದು ಅರ್ಧ ಏರಿಗೇ ಏದುಸಿರು ಬಿಡಲು ಶುರುವಿಟ್ಟಿತು. ಹಳೆ ಡಕೋಟಾ ಗಾಡಿಗಳೆಲ್ಲ ಹಾರನ್ ಹೊಡೆದುಕೊಂಡು ಪಕ್ಕದಿಂದ ಹತ್ತಿ ಹೋಗುತ್ತಿದ್ದವು. ಒಂದು ವಾರ ಡೀಸೆಲ್ ಕಲಬೆರಕೆ ಎಂದ, ಇನ್ನೊಂದು ವಾರ ಟೈರು ಸವೆದಿದೆ ಎಂದ. ಗುಂಪಿನವರು ಪಾಪ, ತಲೆಯಾಡಿಸಿದರು. ಈಚೆಗೆ ಅವನನ್ನು ಯಾರೂ ಉಡ ಎಂದು ಕರೆಯುತ್ತಿರಲಿಲ್ಲ.

ಗಾಡಿಯದೇನೂ ತಪ್ಪಿಲ್ಲ, ಹೆದರಿರುವುದು ತನ್ನ ಕಾಲು ಎಂದು ಅವನು ಒಳಗೊಳಗೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದ. ಆಕ್ಸಿಲರೇಟರ್ ಪೆಡಲನ್ನು ತಳ ಮುಟ್ಟುವಷ್ಟು ಒತ್ತಿದರೂ, ಒತ್ತಿದ್ದೇನೆಂಬ ನಂಬಿಕೆ ಅವನಿಗೇ ಬರುತ್ತಿರಲಿಲ್ಲ. ಮೆಕ್ಯಾನಿಕ್ಕನ ಹತ್ತಿರ ಹೋಗಲಿಲ್ಲ. ‘ಗಾಡಿ ಸರಿಯಾಗಿಯೇ ಇದೆ’ ಎಂದು ಅವನು ಹೇಳಿಬಿಟ್ಟರೆ ಆಮೇಲೆ ಮುಖ ಎಲ್ಲಿಡುವುದು? ಅದಕ್ಕಿಂತ ಎಂಜಿನ್ನಿಗೇ ಒಂದಿಷ್ಟು ಶಕ್ತಿ ತುಂಬಿಸಿದರೆ ಹೆದರಿದ ಕಾಲಿನ ಮಾನವಾದರೂ ಉಳಿದೀತು ಎಂದು ಲೆಕ್ಕ ಹಾಕಿಕೊಂಡು ಇಲ್ಲಿಗೆ ಬಂದಿದ್ದ.

“ಸರಿ, ಮೊದಲು ಒಳಗೇನಿದೆ ನೋಡೋಣ,” ಎಂದು ಡಾಕ್ಟರ್ ಸ್ಟಿಯರಿಂಗಿನ ಕೆಳಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪನ್ನು ಸೀಟಿನ ಮೇಲಿಟ್ಟುಕೊಂಡ. ಕನ್ನಡಕದಂಗಡಿಯವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲ ತನಕ ಹೋದ, ಬಂದ, ಫೋನು ತೆಗೆದ, ಏನೂ ನೋಡದೆ ಒಳಗಿಟ್ಟ.

“ಸಾರ್, ಇದಕ್ಕೆ ಯಾರೋ ಆಗಲೇ ಕೈ ಹಾಕಿದಾರೆ.”

“ಅಂದ್ರೆ? ಶಕ್ತಿ ಹೆಚ್ಚು ಮಾಡಿದಾರಾ?”

“ಎಲ್ಲಿಯ ಹೆಚ್ಚು! ಕಡಿಮೆ ಮಾಡಿದಾರೆ. ಮೂರರಲ್ಲಿ ಒಂದು ಪಾಲು ಕಟ್ಟಿಹಾಕಿಬಿಟ್ಟಿದಾರೆ. ಬಾಡಿಗೆ ಗಾಡಿಯವರು ಹೀಗೆ ಮಾಡಿಸ್ತಾರೆ, ಡ್ರೈವರುಗಳು ಹಾರಾಡಬಾರ್ದು ಅಂತ. ನೀವು ನಿಂತುಕೊಂಡು ಒತ್ತಿದ್ರೂ ಇದು ಆ ಏರು ಹತ್ತೋದಿಲ್ಲ.”

ಅವನಿಗೆ ಮೊದಲು ನಗು ಬಂತು. ಡಾಕ್ಟರನ ಬೆನ್ನಿಗೆ ಫಟ್ಟನೆ ಒಂದು ಬಾರಿಸಿದ. ನಾನಲ್ಲ, ನಾನಲ್ಲ ಎಂದು ಎದೆಯೊಳಗೆ ಯಾರೋ ಕುಣಿಯುತ್ತಿದ್ದರು. ಕುಣಿತ ನಿಲ್ಲುವ ಮೊದಲೇ ರಿಪೇರಿ ಮಾಡಿದ್ದ ಶೆಡ್ಡಿನವನಿಗೆ ಫೋನು ಹಚ್ಚಿದ.

“ಅಯ್ಯೋ, ಮೇಡಂ ಹೇಳಲಿಲ್ವಾ ಸಾರ್?” ಎಂದ ಅವನು. “ನೀವು ಆಸ್ಪತ್ರೆಯಲ್ಲಿದ್ರಲ್ಲ. ಗಾಡಿ ನೋಡೋಕೆ ಅವರೇ ಬಂದಿದ್ರು, ಕೈಗೆ ಪಟ್ಟಿ ಕಟ್ಕೊಂಡು. ‘ಇದರ ಪೊಗರು ಸ್ವಲ್ಪ ಇಳಿಸಿಕೊಡೋಕಾಗುತ್ತಾ?’ ಅಂತ ಕೇಳಿದ್ರು. ನಿಮಗೂ ಗೊತ್ತಿದೆ ಅಂದ್ಕೊಂಡೆ.”

ಹೆಂಡತಿಯ ಹೊಲಿಗೆ ಅಂಗಡಿ ಎರಡು ಬೀದಿ ಆಚೆ. ಅವನು ಹೋದಾಗ ಅವಳು ಮೇಲಿನ ಅರೆಯಲ್ಲಿದ್ದ ಬಟ್ಟೆಯ ಗಂಟನ್ನು ಕೋಲಿನಿಂದ ಎಳೆಯುತ್ತಿದ್ದಳು. ಎಡಗೈ ಈಗ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಅವನೇ ಇಳಿಸಿಕೊಡುತ್ತಿದ್ದ. ಇಂದು ಬಾಗಿಲಲ್ಲೇ ನಿಂತ.

“ಎಂಜಿನ್ನಿಗೆ ಏನು ಮಾಡಿಸಿದೆ?”

ಗಂಟು ಕೆಳಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡು ಮೇಜಿನ ಮೇಲಿಟ್ಟಳು. “ಗೊತ್ತಾಯ್ತಾ?” ಎಂದಳು.

“ಒಂದು ವರ್ಷ ಕಣೇ! ನನ್ನ ಧೈರ್ಯವೇ ಸತ್ತುಹೋಯ್ತು ಅಂದ್ಕೊಂಡು ಒಂದು ವರ್ಷ ಒದ್ದಾಡಿದೀನಿ.”

“ಗೊತ್ತು ರೀ. ಊಟಕ್ಕೆ ಕೂತಾಗ ಮೇಜಿನ ಕೆಳಗೆ ಕಾಲು ಒತ್ತಿ ಒತ್ತಿ ನೋಡ್ಕೋತಿದ್ರಲ್ಲ, ನನಗೆ ಕಾಣಿಸ್ತಿರಲಿಲ್ವಾ?”

ಅವನಿಗೆ ಮೈಯೆಲ್ಲ ಉರಿದುಹೋಯಿತು. ಮಾಡಿಸಿದ್ದಕ್ಕಲ್ಲ. ನೋಡುತ್ತ ಇದ್ದಳಲ್ಲ, ಅದಕ್ಕೆ. “ನೋಡಿಯೂ ಬಾಯಿ ಬಿಡಲಿಲ್ಲವಲ್ಲ ನೀನು!”

“ಹೇಳೋಣ ಅಂತ ಎಷ್ಟೋ ಸಲ ಬಾಯಿ ತನಕ ಬಂತು. ಹೇಳಿದ್ರೆ ಮಾರನೇ ದಿನವೇ ಸರಿ ಮಾಡಿಸ್ಕೊಂಡು ಮತ್ತೆ ಆ ಏರಿಗೇ ಹೋಗ್ತಿದ್ರಿ. ನಾಚ್ಕೊಂಡಾದರೂ ಸರಿ, ಸಾಯಂಕಾಲ ಮನೆಗೆ ಬರ್ತಿದ್ರಲ್ಲ. ನನಗೆ ಅಷ್ಟು ಸಾಕಿತ್ತು.”

“ನಿನಗೆ ಸಾಕಿತ್ತು. ನನಗೆ?”

ಅವಳು ಗಂಟು ಬಿಚ್ಚಿದಳು, ಮತ್ತೆ ಕಟ್ಟಿದಳು. ಕತ್ತರಿಯನ್ನು ಎತ್ತಿ ಅಲ್ಲಿಂದಿಲ್ಲಿಗಿಟ್ಟಳು. ಆಮೇಲೆ ಮಷಿನ್ನಿನ ಮೇಲೆ ಬಟ್ಟೆ ಹೊದಿಸಿ ಚಪ್ಪಲಿ ಮೆಟ್ಟಿಕೊಂಡಳು.

“ತಪ್ಪು ಮಾಡಿದೆ. ಮೊದಲು ಹೇಗಿತ್ತೋ ಹಾಗೇ ಮಾಡಿಸಿ. ಆದ್ರೆ ಹತ್ತಿಸುವಾಗ ನಾನೂ ಪಕ್ಕದಲ್ಲಿ ಕೂತ್ಕೋತೀನಿ.”

“ನಿನಗೆ ಹೆದರಿಕೆ ಆಗಲ್ವಾ?”

“ಆಗುತ್ತೆ. ಆದ್ರೂ ಮನೇಲಿ ಕೂತು ಕಾಯೋದಕ್ಕಿಂತ ಅದೇ ವಾಸಿ.”

ಡಾಕ್ಟರ್ ಡಬ್ಬಿಯನ್ನೂ ಸಿಕ್ಕಿಸಲಿಲ್ಲ, ಹೊಸದಾಗಿ ಏನನ್ನೂ ತುಂಬಲಿಲ್ಲ. ಕಂಪನಿಯವರು ಕೊಟ್ಟಿದ್ದನ್ನೇ ವಾಪಸ್ ಕೂರಿಸಿ, “ಕಟ್ಟು ಬಿಚ್ಚಿದೀನಿ, ಹುಷಾರು,” ಎಂದ. ಗಂಡ ಹೆಂಡತಿಯ ಮುಖ ನೋಡಿದವನು ತಮಾಷೆ ಬಿಟ್ಟು ವೈರು ಸುತ್ತಿಟ್ಟುಕೊಂಡ.

ರಸ್ತೆಗಿಳಿದ ಕೂಡಲೇ ಗೊತ್ತಾಯಿತು. ಪೆಡಲಿಗೆ ಕಾಲು ತಾಗಿಸುವುದೇ ತಡ, ಜೀಪು ಹಗ್ಗ ಹರಿದುಕೊಂಡ ಹೋರಿಯ ಹಾಗೆ ಮುನ್ನುಗ್ಗಿತು. ಅವನು ಕಿವಿಯ ತನಕ ನಕ್ಕ. ಸಿಟ್ಟಿನಲ್ಲಿದ್ದೇನೆಂಬುದು ನೆನಪಾಗಿ ನಗು ನುಂಗಿಕೊಂಡ. ಅವಳು ಬಾಗಿಲ ಮೇಲಿನ ಹಿಡಿಯನ್ನು ಹಿಡಿಯಲು ನೋಡಿದಳು, ಅದು ಎಡಕ್ಕಿತ್ತು, ಎಡಗೈ ಅಷ್ಟೆತ್ತರ ಏಳಲಿಲ್ಲ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ಗಣಿಯಲ್ಲಿ ಯಾರೂ ಇರಲಿಲ್ಲ. ಬಿಸಿಲಿಗೆ ಕಲ್ಲುಪುಡಿ ಬಿಳಿಯಾಗಿ ಹೊಳೆಯುತ್ತಿತ್ತು. ಏರಿನ ಬುಡದಲ್ಲಿ ಗೇರ್ ಇಳಿಸಿ, ಅವನು ಒಂದು ಸಲ ಅವಳ ಕಡೆ ನೋಡಿ ಒತ್ತಿದ. ಚಕ್ರಗಳು ಜಲ್ಲಿ ಎರಚಿ ನೆಲ ಕಚ್ಚಿದವು. ಪ್ರತಿ ಸಲ ಏದುಸಿರು ಬಿಡುತ್ತಿದ್ದ ಜಾಗ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಹಿಂದೆ ಬಿತ್ತು. ಎಂಜಿನ್ನಿನಲ್ಲಿ ಇನ್ನೂ ಎಷ್ಟೋ ಶಕ್ತಿ ಉಳಿದಿತ್ತು. ಇನ್ನೊಂದಿಷ್ಟು ಒತ್ತಿದರೆ ನೆತ್ತಿ.

ಜೀಪು ನಿಂತಿತು.

ಏನಾಯಿತೆಂದು ಅವನು ಕೆಳಗೆ ನೋಡಿದ. ಅವನ ಬಲಗಾಲು ಆಕ್ಸಿಲರೇಟರಿನ ಮೇಲಿರಲಿಲ್ಲ. ಎಡಗಾಲು ಕ್ಲಚ್ಚು ಒತ್ತುವಷ್ಟರಲ್ಲಿ ಯಾವಾಗಲೋ ಬ್ರೇಕಿನ ಮೇಲೆ ಬಂದು ಕೂತಿತ್ತು. ಎತ್ತು ಎಂದುಕೊಂಡ, ಏಳಲಿಲ್ಲ. ಎಂಜಿನ್ ಮಾತ್ರ ಯಾವ ತಕರಾರೂ ಇಲ್ಲದೆ ಗುಡುಗುಡು ಎನ್ನುತ್ತಿತ್ತು.

ಅವಳು ಅವನ ಕಾಲಿನ ಕಡೆ ನೋಡಲಿಲ್ಲ. ಬಲಗೈ ಚಾಚಿ ಹ್ಯಾಂಡ್‌ಬ್ರೇಕನ್ನು ಕಟಕಟನೆ ಎಳೆದಳು. ಎದುರಿನ ಗಾಜಿನ ತುಂಬ ಗೋಡೆಯಂತೆ ನಿಂತ ಏರಿನ ಕೆಂಪು ಮಣ್ಣಿನ ಹೊರತು ಬೇರೇನೂ ಇರಲಿಲ್ಲ. ಅವಳು ಅದನ್ನೇ ನೋಡುತ್ತ, “ಸ್ವಲ್ಪ ಹೊತ್ತು ಇಲ್ಲೇ ಇರೋಣ ರೀ,” ಎಂದಳು. “ಇಲ್ಲಿಂದ ಎಲ್ಲಾ ಎಷ್ಟು ಚೆನ್ನಾಗಿ ಕಾಣುತ್ತೆ.”